ವರ್ಷಗಟ್ಟಲೆ ನಿಂತ ಇಂಪಾಲಾ ಕಾರನ್ನು ಎಬ್ಬಿಸುವುದು ಹೇಗೆ: ಕೀ ತಿರುಗಿಸುವುದು ಕೊನೆಗೆ

"ಹೊಸ ಬ್ಯಾಟರಿ ಹಾಕಿದೆ, ಕಾರ್ಬುರೇಟರಿಗೆ ಸ್ವಲ್ಪ ಪೆಟ್ರೋಲ್ ಸುರಿದೆ, ಕೀ ತಿರುಗಿಸಿದೆ. ಮೂರನೇ ಸಲಕ್ಕೇ ಸ್ಟಾರ್ಟ್ ಆಯ್ತು! ಆದರೆ ಮಾರನೇ ದಿನ ಬೆಳಿಗ್ಗೆ ಎಂಜಿನ್ನಿಂದ ಟಕ ಟಕ ಸದ್ದು. ಈಗ ಸ್ಟಾರ್ಟೇ ಆಗ್ತಿಲ್ಲ."

ಅಮೆರಿಕದಲ್ಲಿ ಹಳೇ ಕಾರು ಕೊಂಡ ಕನ್ನಡದ ಗೆಳೆಯರು ನನಗೆ ಫೋನ್ ಮಾಡಿದರೆ ಹೆಚ್ಚಾಗಿ ಮಾತು ಹೀಗೇ ಶುರುವಾಗುತ್ತದೆ. ಕಾರು ಕೆಟ್ಟದ್ದಲ್ಲ, ಕೊಂಡವರಿಗೆ ಶ್ರದ್ಧೆ ಇಲ್ಲ ಅಂತಲೂ ಅಲ್ಲ. ಕೆಲಸದ ಕ್ರಮ ತಲೆಕೆಳಗಾಗಿರುತ್ತದೆ, ಅಷ್ಟೇ. ಎಲ್ಲರೂ ಕೀಯಿಂದ ಶುರು ಮಾಡುತ್ತಾರೆ. ಕೀ ಕೊನೆಗೆ ಬರಬೇಕು.

ಇಲ್ಲಿ ನಾನು ಹೇಳುತ್ತಿರುವುದು 1965ರ ಶೆವರ್ಲೆ ಇಂಪಾಲಾ ಎಸ್‌ಎಸ್ ಬಗ್ಗೆ. 327 ಕ್ಯೂಬಿಕ್ ಇಂಚಿನ ವಿ8 ಎಂಜಿನ್, ಎರಡು ಗೇರಿನ ಪವರ್‌ಗ್ಲೈಡ್ ಆಟೋಮ್ಯಾಟಿಕ್ ಇರುವ ಗಾಡಿ. 283 ಎಂಜಿನ್ ಇದ್ದರೂ ಹೆಚ್ಚಿನದೆಲ್ಲ ಇದೇ. ಫೋರ್ಡ್ ಗ್ಯಾಲಕ್ಸಿ, ಡಾಡ್ಜ್ ಪೊಲಾರಾ ಇರುವವರಿಗೆ ಕ್ರಮ ಒಂದೇ, ಅಳತೆಗಳು ಬೇರೆ. ಆ ವರ್ಷದ ಶಾಪ್ ಮ್ಯಾನ್ಯುಯಲ್ ಕೊಂಡು ಪಕ್ಕದಲ್ಲೇ ಇಟ್ಟುಕೊಳ್ಳಿ. ಎರಡು ಮೂರು ವಾರಾಂತ್ಯ ಬೇಕಾಗುತ್ತದೆ.

## ಮೊದಲು ಜೋಡಿಸಿಕೊಳ್ಳಬೇಕಾದ್ದು

ಟ್ರಾಲಿ ಜಾಕ್, ನಾಲ್ಕು ಗಟ್ಟಿ ಜಾಕ್ ಸ್ಟ್ಯಾಂಡ್, ಇಂಚಿನ ಅಳತೆಯ ಸ್ಪ್ಯಾನರ್ ಮತ್ತು ಸಾಕೆಟ್ ಸೆಟ್ (ಮಿಲಿಮೀಟರಿನದು ಇಲ್ಲಿ ಕೆಲಸಕ್ಕೆ ಬಾರದು), ಸಂದು ಅಳೆಯುವ ಫೀಲರ್ ಗೇಜ್, ಕಿಡಿಯ ಹೊಂದಾಣಿಕೆಗೆ ಡ್ವೆಲ್ ಮೀಟರ್ ಮತ್ತು ಟೈಮಿಂಗ್ ಲೈಟ್, ಆಯಿಲ್ ಪ್ರೆಶರ್ ನೋಡುವ ಮೆಕ್ಯಾನಿಕಲ್ ಗೇಜ್, 12 ವೋಲ್ಟಿನ ಟೆಸ್ಟ್ ಲ್ಯಾಂಪ್, ದೊಡ್ಡ ಡ್ರಿಲ್, ಆಯಿಲ್ ಪಂಪ್ ತಿರುಗಿಸುವ ಪ್ರೈಮಿಂಗ್ ಟೂಲ್. ಪೆಟ್ರೋಲ್ ಬೆಂಕಿಗೆ ಆಗುವಂಥ ಅಗ್ನಿಶಾಮಕ ಸಿಲಿಂಡರ್ ಒಂದು ಬೇಕೇ ಬೇಕು. ಅದು ಗೋಡೆಯ ಮೇಲಲ್ಲ, ಕೈಗೆ ಸಿಗುವ ಹಾಗೆ ನೆಲದ ಮೇಲಿರಲಿ.

ಡಿಕ್ಕಿಯಲ್ಲಿ ಬಂಪರಿಗೆ ಸಿಕ್ಕಿಸುವ ಹಳೇ ಜಾಕ್ ಸಿಕ್ಕೀತು. ಅದನ್ನು ಹಾಗೇ ಜೋಪಾನವಾಗಿಡಿ, ಉಪಯೋಗಿಸಬೇಡಿ. ಒಂದೂವರೆ ಟನ್ನಿಗೂ ಹೆಚ್ಚು ತೂಕದ ಗಾಡಿ ಇದು.

## ಹಂತ 1: ಮುಟ್ಟುವ ಮೊದಲು ನೋಡುವುದು

ಬಾನೆಟ್ ತೆಗೆದು ಎಲ್ಲ ಕಡೆಯಿಂದ ಫೋಟೋ ತೆಗೆಯಿರಿ. ಯಾವ ಹೋಸ್ ಎಲ್ಲಿಗೆ, ಯಾವ ವೈರ್ ಎಲ್ಲಿಗೆ ಅನ್ನುವುದು ಆಮೇಲೆ ನೆನಪಿರುವುದಿಲ್ಲ.

ನಂತರ ಇಲಿ ಗೂಡು ಹುಡುಕಿ. ಏರ್ ಕ್ಲೀನರ್ ಒಳಗೆ, ಹೀಟರ್ ಪೆಟ್ಟಿಗೆಯಲ್ಲಿ, ಸೀಟಿನ ಸ್ಪ್ರಿಂಗ್ ನಡುವೆ, ಸೈಲೆನ್ಸರ್ ಕೊಳವೆಯಲ್ಲಿ ಇದ್ದೇ ಇರುತ್ತದೆ. ಒಣ ಗೂಡನ್ನು ಪೊರಕೆಯಿಂದ ಗುಡಿಸಬೇಡಿ, ವ್ಯಾಕ್ಯೂಮ್ ಹಿಡಿಯಬೇಡಿ. ಅಮೆರಿಕದಲ್ಲಿ ಡೀರ್ ಮೌಸ್ ಅನ್ನುವ ಇಲಿಯ ಹಿಕ್ಕೆಯ ಧೂಳಿನಿಂದ ಹಂಟಾ ವೈರಸ್ ಬರುವ ಅಪಾಯವಿದೆ. ಕೈಗವಸು, ಒಳ್ಳೆಯ ಮಾಸ್ಕ್ ಹಾಕಿ, ಬ್ಲೀಚ್ ಬೆರೆಸಿದ ನೀರು ಸಿಂಪಡಿಸಿ, ಚೆನ್ನಾಗಿ ನೆನೆದ ಮೇಲೆ ಎತ್ತಿ ಚೀಲಕ್ಕೆ ಹಾಕಿ.

## ಹಂತ 2: ಬ್ರೇಕ್

ಎಂಜಿನ್ ಬಿಟ್ಟು ಬ್ರೇಕ್ ಯಾಕೆ ಮೊದಲು? ಎಂಜಿನ್ ಒಮ್ಮೆ ಸದ್ದು ಮಾಡಿತು ಅಂದರೆ ಮನಸ್ಸು ತಡೆಯುವುದಿಲ್ಲ. "ಸುಮ್ನೆ ರಸ್ತೆ ತುದಿವರೆಗೆ ಹೋಗಿ ಬರ್ತೀನಿ" ಅಂತ ಹೊರಡುತ್ತೇವೆ.

1965ರ ಇಂಪಾಲಾದ ಬ್ರೇಕಿನಲ್ಲಿ ಒಂದು ವಿಷಯ ಚೆನ್ನಾಗಿ ಗೊತ್ತಿರಬೇಕು. ಮಾಸ್ಟರ್ ಸಿಲಿಂಡರಿನಲ್ಲಿ ಇರುವುದು ಒಂದೇ ಕೋಣೆ. ನಾಲ್ಕು ಚಕ್ರಕ್ಕೂ ಅದೇ ಆಯಿಲ್. ಎಲ್ಲೋ ಒಂದು ಹೋಸ್ ಒಡೆದರೆ ನಾಲ್ಕೂ ಬ್ರೇಕ್ ಒಟ್ಟಿಗೆ ಹೋಗುತ್ತವೆ, ಪೆಡಲ್ ನೆಲಕ್ಕೆ ಕೂರುತ್ತದೆ. ಎರಡು ಕೋಣೆಯ ಸಿಲಿಂಡರ್ ಬಂದದ್ದು 1967ರ ಮಾಡೆಲ್‌ನಿಂದ. ಕಾರು ಓಡಿಸುವ ಆಸೆ ಇದ್ದರೆ ಎರಡು ಕೋಣೆಯದಕ್ಕೆ ಬದಲಾಯಿಸಿ ಅಂತಲೇ ನಾನು ಹೇಳುವುದು. ಮೂಲ ರೂಪ ಕೆಡುತ್ತದೆ ಅನ್ನುವವರಿದ್ದಾರೆ. ಇರಲಿ, ಮನೆಯವರನ್ನು ಕೂರಿಸಿಕೊಂಡು ಹೋಗುವ ಗಾಡಿ ಅಲ್ವಾ.

1. ಗಾಡಿಯನ್ನು ಎತ್ತಿ, ಚೇಸಿಸ್ ಕೆಳಗೆ ಸ್ಟ್ಯಾಂಡ್ ಇಟ್ಟು, ಒಮ್ಮೆ ಜೋರಾಗಿ ಅಲುಗಾಡಿಸಿ ನೋಡಿ. ಆಮೇಲೆ ಮಾತ್ರ ಕೆಳಗೆ ತೂರಿ.

2. ಚಕ್ರ ಬಿಚ್ಚಿ ಡ್ರಮ್ ತೆಗೆಯಿರಿ. ಬರದಿದ್ದರೆ ಅಂಚಿಗೆ ಸುತ್ತಿಗೆ ಹೊಡೆಯಬೇಡಿ, ಸೀಳುತ್ತದೆ. ಹಿಂದಿನಿಂದ ನಕ್ಷತ್ರದಂಥ ಅಡ್ಜಸ್ಟರ್ ಸಡಿಲಿಸಿ, ಸ್ಟಡ್‌ಗಳ ನಡುವಿನ ಜಾಗಕ್ಕೆ ಮೆಲ್ಲಗೆ ಬಡಿಯಿರಿ. ಡಾಡ್ಜ್, ಪ್ಲಿಮತ್ ಇರುವವರಿಗೆ ಒಂದು ಮಾತು: ನಿಮ್ಮ ಗಾಡಿಯ ಎಡಗಡೆಯ ಚಕ್ರದ ನಟ್ಟುಗಳು ಉಲ್ಟಾ ತಿರುಪಿನವು. ಬಲಕ್ಕೆ ತಿರುಗಿಸಿದರೆ ಬಿಚ್ಚುತ್ತವೆ. ಇದು ಗೊತ್ತಿಲ್ಲದೆ ಸ್ಟಡ್ ಮುರಿದುಕೊಂಡವರು ಬೇಕಾದಷ್ಟು ಜನ.

3. ಒಳಗಿನ ಧೂಳನ್ನು ಗಾಳಿ ಹೊಡೆದು ಹಾರಿಸಬೇಡಿ. ಹಳೇ ಬ್ರೇಕ್ ಶೂಗಳಲ್ಲಿ ಕಲ್ನಾರು ಇರುತ್ತದೆ. ಒದ್ದೆ ಮಾಡಿ ಒರೆಸಿ.

4. ಚಕ್ರದೊಳಗೆ ಬ್ರೇಕ್ ಶೂಗಳನ್ನು ತಳ್ಳುವ ವೀಲ್ ಸಿಲಿಂಡರಿನ ರಬ್ಬರ್ ಟೋಪಿಯನ್ನು ಸ್ಕ್ರೂಡ್ರೈವರಿನಿಂದ ಸ್ವಲ್ಪ ಎತ್ತಿ. ಒಳಗೆ ಒದ್ದೆ ಕಂಡರೆ ಸೋರುತ್ತಿದೆ ಅಂತ ಅರ್ಥ. ಹದಿನೈದು ವರ್ಷ ನಿಂತ ಗಾಡಿಯಾದರೆ ನಾಲ್ಕನ್ನೂ ಬದಲಾಯಿಸಿಬಿಡಿ.

5. ರಬ್ಬರ್ ಹೋಸ್ ಮೂರಿವೆ: ಮುಂದೆ ಎರಡು, ಹಿಂದೆ ಒಂದು. ಹೊರಗಿನಿಂದ ಚೆನ್ನಾಗಿ ಕಂಡರೂ ಒಳಗೆ ಊದಿ ದಾರಿ ಮುಚ್ಚಿರುತ್ತದೆ. ತುಳಿದಾಗ ಆಯಿಲ್ ಹೋಗುತ್ತದೆ, ಬಿಟ್ಟಾಗ ವಾಪಸ್ ಬರುವುದಿಲ್ಲ. ಚಕ್ರ ಹಿಡಿದುಕೊಂಡೇ ಇರುತ್ತದೆ. ಮೂರನ್ನೂ ಹೊಸದು ಹಾಕಿ.

6. ಹಳೇ ಆಯಿಲ್ ಪೂರ್ತಿ ತೆಗೆದು ಹೊಸ ಡಾಟ್ 3 ಬ್ರೇಕ್ ಆಯಿಲ್ ಹಾಕಿ ಬ್ಲೀಡ್ ಮಾಡಿ, ಅಂದರೆ ಒಳಗಿನ ಗಾಳಿ ಹೊರಬಿಡಿ. ಕ್ರಮ: ಬಲ ಹಿಂದೆ, ಎಡ ಹಿಂದೆ, ಬಲ ಮುಂದೆ, ಎಡ ಮುಂದೆ.

ಪಾರ್ಕಿಂಗ್ ಬ್ರೇಕ್ ಕೇಬಲ್ ಕೂಡ ಎಳೆದು ನೋಡಿ. ಒಂದೇ ಕೋಣೆಯ ಗಾಡಿಯಲ್ಲಿ ಅದೇ ನಿಮ್ಮ ಕೊನೆಯ ಆಸರೆ.

## ಹಂತ 3: ಹಳೇ ಪೆಟ್ರೋಲ್ ಹೊರಗೆ

ಟ್ಯಾಂಕಿನ ಮುಚ್ಚಳ ತೆಗೆದು ಮೂಸಿ. ಪೆಟ್ರೋಲಿನ ವಾಸನೆ ಬದಲು ವಾರ್ನಿಶ್ ಡಬ್ಬಿಯ ವಾಸನೆ ಬಂದರೆ ಆ ಪೆಟ್ರೋಲಿನ ಒಂದು ಹನಿಯೂ ಎಂಜಿನ್ನಿಗೆ ಹೋಗಬಾರದು. ಹೊಸ ಪೆಟ್ರೋಲ್ ಬೆರೆಸಿದರೆ ಸರಿಯಾಗುತ್ತದೆ ಅನ್ನುವುದು ತಪ್ಪು.

ನನ್ನ ಮೊದಲ ಇಂಪಾಲಾದಲ್ಲಿ ನಾನು ಮಾಡಿದ್ದು ಇದನ್ನೇ. ಟ್ಯಾಂಕಿನಲ್ಲಿ ಕಾಲು ಭಾಗ ಹಳೇ ಪೆಟ್ರೋಲ್ ಇತ್ತು, ಅದರ ಮೇಲೆ ಹೊಸದು ತುಂಬಿಸಿದೆ. ಎಂಜಿನ್ ಅರ್ಧ ಗಂಟೆ ಚೆನ್ನಾಗೇ ಓಡಿತು. ಹಳೇ ಪೆಟ್ರೋಲಿನ ಅಂಟು ಬಿಸಿ ಇರುವಾಗ ಕರಗಿಕೊಂಡಿರುತ್ತದೆ. ರಾತ್ರಿ ತಣ್ಣಗಾದ ಮೇಲೆ ವಾಲ್ವಿನ ಕಡ್ಡಿಗೆ ಬೆಲ್ಲದ ಪಾಕದ ಹಾಗೆ ಗಟ್ಟಿಯಾಗಿ ಹಿಡಿದುಕೊಳ್ಳುತ್ತದೆ. ಬೆಳಿಗ್ಗೆ ನಾನು ಕೀ ತಿರುಗಿಸಿದಾಗ ಸೆಲ್ಫ್ ಮೋಟರ್ ತನ್ನ ಬಲವೆಲ್ಲ ಹಾಕಿತು. ವಾಲ್ವ್ ಅಲುಗಾಡಲಿಲ್ಲ, ಅದನ್ನು ಆಡಿಸುವ ಕಡ್ಡಿಯಾದ ಪುಷ್‌ರಾಡ್ ಬಗ್ಗಿತು. ಒಂದಲ್ಲ, ಐದು.

1. ಮೊದಲು ಗ್ಯಾರೇಜಿನಲ್ಲಿ ಉರಿ ಎಲ್ಲಿದೆ ನೋಡಿ. ಅಮೆರಿಕದ ಎಷ್ಟೋ ಮನೆಗಳಲ್ಲಿ ನೀರು ಕಾಯಿಸುವ ಗ್ಯಾಸ್ ಹೀಟರ್ ಗ್ಯಾರೇಜಿನಲ್ಲೇ ಇರುತ್ತದೆ. ಅದರೊಳಗೆ ಸಣ್ಣ ಜ್ವಾಲೆ ಸದಾ ಉರಿಯುತ್ತಿರಬಹುದು. ಪೆಟ್ರೋಲಿನ ಆವಿ ನೆಲದ ಮೇಲೇ ಹರಿದು ಅಲ್ಲಿಗೆ ಮುಟ್ಟುತ್ತದೆ. ಟ್ಯಾಂಕ್ ಕೆಲಸ ಬಯಲಲ್ಲೇ ಮಾಡಿ.

2. ಪೆಟ್ರೋಲ್ ಬಸಿದು, ಎರಡು ಪಟ್ಟಿ ಬಿಚ್ಚಿ ಟ್ಯಾಂಕ್ ಇಳಿಸಿ. ಒಳಗೆ ಟಾರ್ಚಿನ ಬೆಳಕು ಬಿಟ್ಟು ನೋಡಿ. ತುಕ್ಕಿನ ಚೂರು ಕಂಡರೆ ಹೊಸ ಟ್ಯಾಂಕ್ ತರುವುದೇ ವಾಸಿ, ಸುಲಭವಾಗಿ ಸಿಗುತ್ತದೆ.

3. ಟ್ಯಾಂಕಿನ ಬಳಿ ಮತ್ತು ಪಂಪಿನ ಬಳಿ ಇರುವ ಚಿಕ್ಕ ರಬ್ಬರ್ ಹೋಸ್ ತುಂಡುಗಳನ್ನು ಎಥನಾಲ್ ತಡೆಯುವಂಥದ್ದಕ್ಕೆ ಬದಲಾಯಿಸಿ. ಅಮೆರಿಕದ ಪೆಟ್ರೋಲಿನಲ್ಲಿ ಸಾಮಾನ್ಯವಾಗಿ ಶೇ 10 ಎಥನಾಲ್ ಇರುತ್ತದೆ. ಬೆಂಗಳೂರಿನಲ್ಲಿ ಹಳೇ ಅಮೆರಿಕನ್ ಗಾಡಿ ಇಟ್ಟುಕೊಂಡವರಿಗೆ ಈಗ ಬಂಕಿನಲ್ಲಿ ಸಿಗುವುದು ಶೇ 20ರದ್ದು. 1965ರ ರಬ್ಬರ್ ಇದನ್ನು ತಡೆಯುವುದಿಲ್ಲ.

4. ಎಂಜಿನ್ನಿನ ಬಲಗಡೆ ಮುಂದೆ ಇರುವ ಪೆಟ್ರೋಲ್ ಪಂಪಿನ ಒಳಗೂ ರಬ್ಬರ್ ಹಾಳೆ ಇದೆ. ಅದು ಹರಿದರೆ ಪೆಟ್ರೋಲ್ ನೇರವಾಗಿ ಎಂಜಿನ್ ಆಯಿಲಿಗೆ ಇಳಿಯುತ್ತದೆ.

ಎಚ್ಚರಿಕೆಯ ಗುರುತು: ಡಿಪ್‌ಸ್ಟಿಕ್‌ನಲ್ಲಿ ಆಯಿಲ್ ಮಟ್ಟ ತಾನಾಗಿ ಏರುತ್ತಿದ್ದರೆ, ಪೆಟ್ರೋಲ್ ವಾಸನೆ ಬಂದರೆ, ಎಂಜಿನ್ ತಕ್ಷಣ ನಿಲ್ಲಿಸಿ.

## ಹಂತ 4: ಎಂಜಿನ್ ಕೈಯಲ್ಲಿ ತಿರುಗಬೇಕು

ಎಂಟೂ ಸ್ಪಾರ್ಕ್ ಪ್ಲಗ್ ಬಿಚ್ಚಿ, ಯಾವುದು ಯಾವ ಸಿಲಿಂಡರಿನದು ಅಂತ ಗುರುತು ಹಾಕಿ ಸಾಲಾಗಿ ಇಡಿ. ಸಿಲಿಂಡರುಗಳು ಡ್ರೈವರ್ ಕಡೆ ಮುಂದಿನಿಂದ 1, 3, 5, 7. ಆ ಕಡೆ 2, 4, 6, 8. ಯಾವುದಾದರೂ ಪ್ಲಗ್ಗಿನ ತುದಿಯಲ್ಲಿ ತುಕ್ಕು ಕಂಡರೆ ಆ ಸಿಲಿಂಡರಿಗೆ ನೀರು ಇಳಿದಿದೆ.

ಪ್ರತಿ ತೂತಿನೊಳಗೆ ಒಂದೆರಡು ಚಮಚ ತೆಳು ಆಯಿಲ್ ಬಿಡಿ. ಎರಡು ದಿನ ಬಿಟ್ಟುಬಿಡಿ.

ಈಗ ತಿರುಗಿಸುವುದು. ಇಲ್ಲೊಂದು ತೊಡಕಿದೆ. ಈ ಕಾಲದ ಎಷ್ಟೋ 283, 327 ಎಂಜಿನ್ನುಗಳಲ್ಲಿ ಮುಂದಿನ ಪುಲ್ಲಿಯ ನಡುವೆ ಬೋಲ್ಟೇ ಇರುವುದಿಲ್ಲ, ಕಂಪನ ತಡೆಯುವ ಬ್ಯಾಲೆನ್ಸರನ್ನು ಒತ್ತಿ ಕೂರಿಸಿರುತ್ತಾರೆ. ಸಾಕೆಟ್ ಹಾಕಲು ಜಾಗ ಹುಡುಕಿ ಸುಸ್ತಾಗಬೇಡಿ. ಕೆಳಗೆ ಹೋಗಿ ಗೇರ್‌ಬಾಕ್ಸಿನ ಮುಂದಿನ ತಗಡಿನ ಮುಚ್ಚಳ ಬಿಚ್ಚಿ. ಫ್ಲೈವೀಲಿನ ಹಲ್ಲು ಕಾಣುತ್ತದೆ. ಹಲ್ಲಿಗೆ ಕೊಡುವ ಟೂಲ್ ಅಥವಾ ಗಟ್ಟಿ ಸ್ಕ್ರೂಡ್ರೈವರಿನಿಂದ ಹಲ್ಲು ಹಲ್ಲಾಗಿ ಮೀಟಿ.

ತಿರುಗದಿದ್ದರೆ ಮತ್ತೆ ಆಯಿಲ್ ಬಿಡಿ, ಇನ್ನೊಂದು ವಾರ ಕಾಯಿರಿ. ಒಂದು ಬೆರಳು ಹಿಂದೆ, ಒಂದು ಬೆರಳು ಮುಂದೆ ಆಡಿಸುತ್ತಾ ಬನ್ನಿ. ಸೆಲ್ಫ್ ಹೊಡೆದು ಬಿಡಿಸುವ ಆತುರ ಬೇಡ, ಪಿಸ್ಟನ್ ರಿಂಗ್ ಮುರಿಯುತ್ತದೆ.

## ಹಂತ 5: ಹದಿನಾರು ವಾಲ್ವ್, ಒಂದೊಂದಾಗಿ

ಎಲ್ಲರೂ ಬಿಟ್ಟುಬಿಡುವುದು ಈ ಹಂತವನ್ನೇ. ನನ್ನ ಐದು ಪುಷ್‌ರಾಡ್ ಹೋದದ್ದೂ ಇದನ್ನು ಬಿಟ್ಟಿದ್ದರಿಂದ. ಅರ್ಧ ದಿನ ಇಲ್ಲಿಗೇ ಕೊಡಿ.

ಎರಡೂ ಕಡೆಯ ವಾಲ್ವ್ ಕವರ್ ಬಿಚ್ಚಿ. ಹದಿನಾರು ರಾಕರ್ (ವಾಲ್ವನ್ನು ಒತ್ತುವ ಸಣ್ಣ ಸನ್ನೆಗಳು) ಕಾಣುತ್ತವೆ, ಒಂದೊಂದರ ಕೆಳಗೆ ಒಂದು ಸ್ಪ್ರಿಂಗ್. ಮೊದಲು ಪ್ರತಿ ವಾಲ್ವಿನ ಕಡ್ಡಿಗೂ ನಾಲ್ಕು ಹನಿ ಆಯಿಲ್ ಬಿಡಿ. ನಂತರ ಒಬ್ಬರು ಕೆಳಗಿನಿಂದ ಫ್ಲೈವೀಲ್ ಮೀಟುತ್ತಿರಲಿ, ನೀವು ಮೇಲಿನಿಂದ ನೋಡುತ್ತಿರಿ. ಎಂಜಿನ್ನಿನ ಮುಖ್ಯ ದಂಡವಾದ ಕ್ರ್ಯಾಂಕ್ ಎರಡು ಪೂರ್ತಿ ಸುತ್ತು ಬಂದರೆ ಹದಿನಾರೂ ವಾಲ್ವ್ ಒಮ್ಮೆ ತೆರೆದು ಮುಚ್ಚಿರುತ್ತವೆ.

ಸರಿ ಇರುವ ವಾಲ್ವ್ ಹೀಗೆ ಕಾಣುತ್ತದೆ: ಪುಷ್‌ರಾಡ್ ಏರುತ್ತದೆ, ರಾಕರ್ ಬಾಗುತ್ತದೆ, ಸ್ಪ್ರಿಂಗ್ ಅಮುಕುತ್ತದೆ. ಪುಷ್‌ರಾಡ್ ಇಳಿಯುತ್ತಿದ್ದ ಹಾಗೇ ಸ್ಪ್ರಿಂಗ್ ಅದರ ಬೆನ್ನಿಗೇ ಮೇಲೇಳುತ್ತದೆ. ರಾಕರ್ ಎಲ್ಲೂ ಸಡಿಲವಾಗುವುದಿಲ್ಲ.

ಅಂಟಿಕೊಂಡದ್ದು ಬೇರೆ ಥರ. ವಾಲ್ವ್ ಕೆಳಗೇ ನಿಂತುಬಿಟ್ಟಿರುತ್ತದೆ, ಪುಷ್‌ರಾಡ್ ಇಳಿದ ಮೇಲೆ ರಾಕರ್ ಕೈಗೆ ಲೊಟ ಲೊಟ ಅನ್ನುತ್ತದೆ. ಇನ್ನೊಂದು ಬಗೆಯಲ್ಲಿ ವಾಲ್ವ್ ಮೇಲೆ ಮುಚ್ಚಿದಲ್ಲೇ ಹಿಡಿದಿರುತ್ತದೆ. ಆಗ ಮೀಟುವವರ ಕೈಗೆ ಇದ್ದಕ್ಕಿದ್ದ ಹಾಗೆ ಬಿಗಿ ಸಿಗುತ್ತದೆ. ಹಾಗಾದ ಕೂಡಲೇ ನಿಲ್ಲಿಸಲು ಕೂಗಿ.

ಅಂಟಿದ ವಾಲ್ವಿನ ರಾಕರ್ ನಟ್ ಬಿಚ್ಚಿ, ಪುಷ್‌ರಾಡ್ ಹೊರಗೆಳೆಯಿರಿ. ಅದನ್ನು ಗಾಜಿನ ಹಲಗೆಯ ಮೇಲೆ ಉರುಳಿಸಿ. ನೆಟ್ಟಗಿದ್ದರೆ ಸದ್ದಿಲ್ಲದೆ ಉರುಳುತ್ತದೆ, ಬಗ್ಗಿದ್ದರೆ ಕುಂಟುತ್ತದೆ. ವಾಲ್ವಿಗೆ ಆಯಿಲ್ ಬಿಟ್ಟು, ಆ ಸಿಲಿಂಡರಿನ ಪಿಸ್ಟನ್ ಮೇಲಿಲ್ಲ ಅಂತ ಖಚಿತ ಮಾಡಿಕೊಂಡು, ಪ್ಲಾಸ್ಟಿಕ್ ಸುತ್ತಿಗೆಯಿಂದ ಮೆಲ್ಲಗೆ ತಟ್ಟಿ. ತಟ್ಟಿದಾಗ ಇಳಿದು ತಾನಾಗಿ ಚಿಮ್ಮಿ ಮೇಲೆ ಬರುವವರೆಗೆ ಬಿಡಬೇಡಿ. ಕೆಲವಕ್ಕೆ ಐದು ನಿಮಿಷ ಸಾಕು, ಕೆಲವಕ್ಕೆ ಎರಡು ದಿನ ಹಿಡಿಯುತ್ತದೆ. ಹಟ ಹಿಡಿದರೆ ಹೆಡ್ ಇಳಿಸುವುದೇ ದಾರಿ.

ವಾಪಸ್ ಜೋಡಿಸುವಾಗ, ಆ ವಾಲ್ವ್ ಪೂರ್ತಿ ಮುಚ್ಚಿರುವ ಸ್ಥಿತಿಯಲ್ಲಿ ಪುಷ್‌ರಾಡಿನ ಆಟ ನಿಲ್ಲುವವರೆಗೆ ನಟ್ ಬಿಗಿ ಮಾಡಿ, ಅಲ್ಲಿಂದ ಮುಂದೆ ಮುಕ್ಕಾಲರಿಂದ ಒಂದು ಸುತ್ತು.

## ಹಂತ 6: ಆಯಿಲ್ ಮತ್ತು ಪ್ರೈಮಿಂಗ್

ಹಳೇ ಆಯಿಲ್ ಬಸಿಯಿರಿ. ಮೊದಲು ನೀರು ಬಂದರೆ, ಅಥವಾ ಆಯಿಲ್ ಹಾಲು ಬೆರೆಸಿದ ಕಾಫಿಯ ಹಾಗಿದ್ದರೆ ಮುಂದೆ ಹೋಗಬೇಡಿ. ಹೆಡ್ ಗ್ಯಾಸ್ಕೆಟ್ ಅಥವಾ ಬ್ಲಾಕ್ ನೋಡಬೇಕು.

1965ರ ಫಿಲ್ಟರ್ ಈಗಿನ ಹಾಗೆ ತಿರುಗಿಸಿ ಹಾಕುವ ಡಬ್ಬಿಯಲ್ಲ. ಉಕ್ಕಿನ ಬಟ್ಟಲಿನೊಳಗೆ ಕಾಗದದ ಫಿಲ್ಟರ್, ನಡುವೆ ಉದ್ದ ಬೋಲ್ಟ್. ಬ್ಲಾಕಿನ ಕಾಲುವೆಯಲ್ಲಿ ಒಂದು ರಬ್ಬರ್ ರಿಂಗ್ ಕೂತಿರುತ್ತದೆ. ಹಳೆಯದು ಗಟ್ಟಿಯಾಗಿ ಕಬ್ಬಿಣದ ಬಣ್ಣಕ್ಕೇ ತಿರುಗಿರುತ್ತದೆ, ಕಣ್ಣಿಗೆ ಕಾಣುವುದಿಲ್ಲ. ಅದರ ಮೇಲೇ ಹೊಸದನ್ನು ಕೂರಿಸಿದರೆ ಸ್ಟಾರ್ಟ್ ಆದ ಕೂಡಲೇ ಆಯಿಲೆಲ್ಲ ನೆಲಕ್ಕೆ ಸುರಿಯುತ್ತದೆ. ಚೂಪು ಕಡ್ಡಿಯಿಂದ ಕೆರೆದು, ಬೆರಳಾಡಿಸಿ ನೋಡಿ, ಆಮೇಲೆ ಹೊಸ ರಿಂಗ್ ಹಾಕಿ.

ಆಯಿಲ್ ಫಿಲ್ಟರ್ ಸೇರಿ 5 ಕ್ವಾರ್ಟ್, ಅಂದರೆ ಸುಮಾರು 4.7 ಲೀಟರ್. ಈ ಎಂಜಿನ್ನಿನಲ್ಲಿ ವಾಲ್ವುಗಳನ್ನು ಆಡಿಸುವ ಕ್ಯಾಮ್ ಮತ್ತು ಲಿಫ್ಟರ್ ಒಂದಕ್ಕೊಂದು ಉಜ್ಜುತ್ತಾ ಓಡುವಂಥವು. ಅವಕ್ಕೆ ಝಿಂಕ್ ಜಾಸ್ತಿ ಇರುವ, ಹಳೇ ಎಂಜಿನ್ನುಗಳಿಗಾಗಿಯೇ ಮಾಡಿದ ಆಯಿಲ್ ಬೇಕು.

ಈಗ ಪ್ರೈಮಿಂಗ್. ವರ್ಷಗಟ್ಟಲೆ ನಿಂತಾಗ ಬೇರಿಂಗುಗಳಲ್ಲಿದ್ದ ಆಯಿಲ್ ಇಳಿದುಹೋಗಿರುತ್ತದೆ. ಸ್ಟಾರ್ಟ್ ಮಾಡುವ ಮೊದಲೇ ಅಲ್ಲಿಗೆ ಆಯಿಲ್ ಮುಟ್ಟಿಸಬೇಕು.

1. 1ನೇ ಸಿಲಿಂಡರನ್ನು ಕಂಪ್ರೆಶನ್ನಿನ ತುದಿಗೆ ತನ್ನಿ. ಪ್ಲಗ್ಗುಗಳಿಗೆ ಕರೆಂಟ್ ಹಂಚುವ ಡಿಸ್ಟ್ರಿಬ್ಯೂಟರಿನ ಒಳಗೆ ರೋಟರ್ ಎತ್ತ ನೋಡುತ್ತಿದೆ ಅಂತ ಗುರುತು ಹಾಕಿ, ಫೋಟೋ ತೆಗೆದು, ಡಿಸ್ಟ್ರಿಬ್ಯೂಟರ್ ಎತ್ತಿ. ಇದಾದ ಮೇಲೆ ಎಂಜಿನ್ ತಿರುಗಿಸಬೇಡಿ.

2. ಡಿಸ್ಟ್ರಿಬ್ಯೂಟರ್ ಪಕ್ಕದ ಆಯಿಲ್ ಸ್ವಿಚ್ ಬಿಚ್ಚಿ ಆ ಜಾಗಕ್ಕೆ ಪ್ರೆಶರ್ ಗೇಜ್ ಹಾಕಿ.

3. ಪ್ರೈಮಿಂಗ್ ಟೂಲ್ ಇಳಿಸಿ, ಡ್ರಿಲ್ಲಿನಿಂದ ಗಡಿಯಾರದ ದಿಕ್ಕಿನಲ್ಲಿ ತಿರುಗಿಸಿ. ಮೊದಲು ಹಗುರವಾಗಿ ಸುತ್ತುತ್ತದೆ. ಸ್ವಲ್ಪ ಹೊತ್ತಿಗೆ ಡ್ರಿಲ್ ಕೈಯಲ್ಲಿ ಭಾರವಾಗುತ್ತದೆ, ಗೇಜ್ ಏರುತ್ತದೆ. ರಾಕರುಗಳ ಬಳಿ ಆಯಿಲ್ ಜಿನುಗುವವರೆಗೆ ಬಿಡಬೇಡಿ. ಟೂಲ್ ಬದಲು ಬರೀ ಉದ್ದ ಸ್ಕ್ರೂಡ್ರೈವರ್ ಕಡ್ಡಿ ಹಾಕಿದರೆ ಡಿಸ್ಟ್ರಿಬ್ಯೂಟರ್ ತೂತಿನ ಸುತ್ತಲೇ ಆಯಿಲ್ ಸೋರಿಹೋಗಿ ಒತ್ತಡ ಸರಿಯಾಗಿ ಏರುವುದಿಲ್ಲ.

4. ಡಿಸ್ಟ್ರಿಬ್ಯೂಟರ್ ವಾಪಸ್ ಇಡುವಾಗ ಪೂರ್ತಿ ಕೂರದಿದ್ದರೆ ಕೆಳಗೆ ಪಂಪಿನ ಕಡ್ಡಿಯ ಸೀಳು ಹೊಂದಿಲ್ಲ ಅಂತ. ಉದ್ದ ಸ್ಕ್ರೂಡ್ರೈವರಿನಿಂದ ಅದನ್ನು ಸ್ವಲ್ಪ ತಿರುಗಿಸಿ ಮತ್ತೆ ಇಳಿಸಿ. ಬೋಲ್ಟ್ ಬಿಗಿ ಮಾಡಿ ಎಳೆಯಬೇಡಿ.

## ಹಂತ 7: ಕಿಡಿ

ಡಿಸ್ಟ್ರಿಬ್ಯೂಟರಿಗೆ ಹೊಸ ಪಾಯಿಂಟ್ (ಕಿಡಿಗಾಗಿ ಕರೆಂಟ್ ಕಡಿಯುವ ಸ್ವಿಚ್), ಕಂಡೆನ್ಸರ್, ಕ್ಯಾಪ್, ರೋಟರ್ ಹಾಕಿ. ಹೊಸ ಪಾಯಿಂಟಿಗೆ ಗ್ಯಾಪ್ 0.019 ಇಂಚು, ಪ್ಲಗ್ಗಿಗೆ 0.035 ಇಂಚು. ಫೈರಿಂಗ್ ಕ್ರಮ, ಅಂದರೆ ಸಿಲಿಂಡರುಗಳಿಗೆ ಕಿಡಿ ಹೋಗುವ ಸಾಲು, 1-8-4-3-6-5-7-2. ರೋಟರ್ ಮೇಲಿನಿಂದ ನೋಡಿದರೆ ಗಡಿಯಾರದ ದಿಕ್ಕಿನಲ್ಲಿ ತಿರುಗುತ್ತದೆ. 5 ಮತ್ತು 7ರ ವೈರ್ ಅದಲು ಬದಲಾಗುವುದು ತುಂಬಾ ಸಾಮಾನ್ಯ, ಎರಡು ಸಲ ನೋಡಿ.

ಎಂಜಿನ್ ಓಡದೆ ಇರುವಾಗ ಕೀ ಆನ್ ಮಾಡಿಟ್ಟು ಹೋಗಬೇಡಿ. ಪಾಯಿಂಟ್ ಮುಚ್ಚಿದ್ದರೆ ಕಾಯಿಲ್ ಸುಡುತ್ತದೆ.

## ಹಂತ 8: ನೀರು ಮತ್ತು ವೈರಿಂಗ್

ರೇಡಿಯೇಟರ್ ತೊಳೆದು, ಹೋಸ್, ಬೆಲ್ಟ್, ಥರ್ಮೋಸ್ಟಾಟ್ ಹೊಸದು ಹಾಕಿ, ಕೂಲೆಂಟ್ ತುಂಬಿಸಿ. ವಾಟರ್ ಪಂಪಿನ ಕೆಳಗಿನ ಚಿಕ್ಕ ತೂತಿನಿಂದ ಹನಿ ಬಿದ್ದರೆ ಪಂಪ್ ಹೋಗಿದೆ.

ಬ್ಯಾಟರಿಯನ್ನು ನೇರ ಜೋಡಿಸಬೇಡಿ. ನೆಗೆಟಿವ್ ಕೇಬಲ್ ಮತ್ತು ಬ್ಯಾಟರಿ ನಡುವೆ ಟೆಸ್ಟ್ ಲ್ಯಾಂಪ್ ಹಿಡಿಯಿರಿ. ಕೀ ಆಫ್, ಬಾಗಿಲು ಮುಚ್ಚಿರಲಿ. ಬಲ್ಬ್ ಜೋರಾಗಿ ಉರಿದರೆ ಎಲ್ಲೋ ಶಾರ್ಟ್ ಇದೆ. ಇಲಿ ಕಡಿದ ವೈರ್ ಹುಡುಕಿ. ಡ್ಯಾಶಿನ ಹಳೇ ಗಡಿಯಾರ ಸಿಕ್ಕಿಕೊಂಡು ಕರೆಂಟ್ ಎಳೆಯುತ್ತಿರಬಹುದು, ಅದನ್ನು ಮೊದಲು ಕಳಚಿ ನೋಡಿ.

## ಹಂತ 9: ಈಗ ಕೀ

ಗಾಡಿ ಬಯಲಲ್ಲಿರಲಿ. ಮಿಶಿಗನ್ನಿನ ಚಳಿಗೆ ಹೆದರಿ ಗ್ಯಾರೇಜ್ ಬಾಗಿಲು ಹಾಕಿಕೊಂಡು ಸ್ಟಾರ್ಟ್ ಮಾಡಿದರೆ ವಾಸನೆಯೂ ಇಲ್ಲದ ಕಾರ್ಬನ್ ಮೊನಾಕ್ಸೈಡ್ ಪ್ರಾಣ ತೆಗೆಯುತ್ತದೆ. ಒಬ್ಬರು ಅಗ್ನಿಶಾಮಕ ಹಿಡಿದು ನಿಂತಿರಲಿ.

1. ಕಾಯಿಲ್ ವೈರ್ ಕಳಚಿ, ಪ್ಲಗ್ ಇಲ್ಲದೆಯೇ ಹತ್ತು ಸೆಕೆಂಡ್ ಸೆಲ್ಫ್ ಹೊಡೆಯಿರಿ. ಒಂದು ನಿಮಿಷ ಬಿಡಿ. ಗೇಜ್ ಏರುವವರೆಗೆ ಹೀಗೇ ಮಾಡಿ.

2. ಪ್ಲಗ್ ಹಾಕಿ. ಕಾರ್ಬುರೇಟರಿನ ಗಾಳಿ ಕೊಳವೆಯ ಮೂಲಕ ಸಿರಿಂಜಿನಿಂದ ಬಟ್ಟಲಿಗೆ ಹೊಸ ಪೆಟ್ರೋಲ್ ತುಂಬಿಸಿ. ಒಬ್ಬರು ಸೆಲ್ಫ್ ಹೊಡೆಯುವಾಗ ಇನ್ನೊಬ್ಬರು ಕಾರ್ಬುರೇಟರಿನ ಬಾಯಿಗೆ ಪೆಟ್ರೋಲ್ ಸುರಿಯುವುದು ಬೇಡವೇ ಬೇಡ. ಬೆಂಕಿ ಮೇಲಕ್ಕೇ ಉಗುಳುತ್ತದೆ, ಮುಖದ ಎತ್ತರಕ್ಕೆ.

3. ಆಕ್ಸಿಲರೇಟರ್ ಎರಡು ಸಲ ತುಳಿದು, ಕೀ ತಿರುಗಿಸಿ.

ಸ್ಟಾರ್ಟ್ ಆದ ಮೇಲೆ ಕಣ್ಣು ಗೇಜಿನ ಮೇಲೆ. ಐದು ಸೆಕೆಂಡಿಗೆ ಒತ್ತಡ ಕಾಣದಿದ್ದರೆ ಆಫ್. ಮೊದಲ ಕೆಲವು ನಿಮಿಷ ನೀಲಿ ಹೊಗೆ ಬಂದೇ ಬರುತ್ತದೆ, ನೀವು ಬಿಟ್ಟ ಆಯಿಲ್ಲೇ ಸುಡುತ್ತಿರುತ್ತದೆ. ಹೆದರಬೇಡಿ. ಎಂಜಿನ್ ಬಿಸಿಯಾದ ಮೇಲೂ ಸಿಹಿ ವಾಸನೆಯ ಬಿಳಿ ಹೊಗೆ ನಿಲ್ಲದಿದ್ದರೆ ಕೂಲೆಂಟ್ ಸಿಲಿಂಡರಿಗೆ ಹೋಗುತ್ತಿದೆ. ಕೆಳಗಿನಿಂದ ದಪ್ಪ ಬಡಿತದ ಸದ್ದು ಬಂದರೆ ಬೇರಿಂಗ್. ಎರಡರಲ್ಲೂ ನಿಲ್ಲಿಸಿ.

ಬಿಸಿಯಾದ ಮೇಲೆ ಡಿಸ್ಟ್ರಿಬ್ಯೂಟರಿನ ಚಿಕ್ಕ ಕಿಟಕಿ ಎತ್ತಿ, ಎಂಜಿನ್ ಓಡುತ್ತಿರುವಾಗಲೇ ಆಲನ್ ಕೀಯಿಂದ ಡ್ವೆಲ್ (ಪಾಯಿಂಟ್ ಮುಚ್ಚಿರುವ ಕೋನ) 30 ಡಿಗ್ರಿಗೆ ತನ್ನಿ. ಟೈಮಿಂಗ್ (ಕಿಡಿ ಹಾರುವ ಹೊತ್ತಿನ ಹೊಂದಾಣಿಕೆ) ಯಾವಾಗಲೂ ಡ್ವೆಲ್ ಆದ ಮೇಲೆ. ಡ್ವೆಲ್ ಬದಲಾದರೆ ಟೈಮಿಂಗೂ ಬದಲಾಗುತ್ತದೆ.

ಪವರ್‌ಗ್ಲೈಡ್ ಆಯಿಲನ್ನು ಬಿಸಿ ಇರುವಾಗ, ಎಂಜಿನ್ ಓಡುತ್ತಾ ನ್ಯೂಟ್ರಲ್‌ನಲ್ಲಿ ನೋಡಿ. ನಿಂತ ಗಾಡಿಯಲ್ಲಿ, ಎಂಜಿನ್ನಿಗೂ ಗೇರಿಗೂ ನಡುವಿನ ಕನ್ವರ್ಟರಿನ ಆಯಿಲ್ ಕೆಳಗಿಳಿದು ಡಿಪ್‌ಸ್ಟಿಕ್ ಜಾಸ್ತಿ ತೋರಿಸುತ್ತದೆ. ಅದನ್ನು ನಂಬಿ ಬಸಿದುಬಿಡಬೇಡಿ.

## ಹಂತ 10: ಮಾರನೇ ದಿನ, ಮತ್ತು ಮೊದಲ ಓಟ

ಬೆಳಿಗ್ಗೆ ಕೀ ಮುಟ್ಟುವ ಮೊದಲು ಪ್ಲಗ್ ಬಿಚ್ಚಿ ಎಂಜಿನ್ ಮತ್ತೆ ಕೈಯಲ್ಲಿ ಎರಡು ಸುತ್ತು ತಿರುಗಿಸಿ. ಬಿಗಿ ಸಿಗದಿದ್ದರೆ ಯಾವ ವಾಲ್ವೂ ರಾತ್ರಿ ಅಂಟಿಲ್ಲ. ಮೊದಲ ಮೂರು ದಿನ ಇದನ್ನು ಬಿಡಬೇಡಿ.

ಟೈರಿನ ಪಕ್ಕದಲ್ಲಿ ಡಾಟ್ ಅಕ್ಷರಗಳ ಸಾಲಿನ ಕೊನೆಯ ನಾಲ್ಕು ಅಂಕಿ ನೋಡಿ: ಮೊದಲೆರಡು ವಾರ, ಕೊನೆಯೆರಡು ವರ್ಷ. ಮೂರೇ ಅಂಕಿ ಇದ್ದರೆ ಅದು 2000ಕ್ಕೂ ಹಿಂದಿನ ಟೈರ್. ಹತ್ತು ವರ್ಷ ದಾಟಿದ್ದರೆ ಹಲ್ಲು ಎಷ್ಟೇ ಚೆನ್ನಾಗಿದ್ದರೂ ರಸ್ತೆಗೆ ಬೇಡ.

ಮೊದಲು ಮನೆ ಮುಂದೆ ನಡಿಗೆಯ ವೇಗದಲ್ಲಿ ಹತ್ತು ಸಲ ಬ್ರೇಕ್ ಹಿಡಿಯಿರಿ. ಪೆಡಲ್ ಗಟ್ಟಿಯಾಗಿ ನಿಲ್ಲಬೇಕು, ಗಾಡಿ ಎಡಕ್ಕೋ ಬಲಕ್ಕೋ ಎಳೆಯಬಾರದು. ಆಮೇಲೆ ಒಂದೆರಡು ಮೈಲಿ ಹೋಗಿ ಬನ್ನಿ. ಬಂದ ಕೂಡಲೇ ಇಳಿದು, ನಾಲ್ಕೂ ಚಕ್ರದ ಹತ್ತಿರ ಅಂಗೈಯ ಹಿಂಬದಿ ಹಿಡಿಯಿರಿ, ಮುಟ್ಟಬೇಡಿ. ಒಂದು ಚಕ್ರದ ಕಾವು ಮಿಕ್ಕ ಮೂರಕ್ಕಿಂತ ಜಾಸ್ತಿ ಇದ್ದರೆ ಅಲ್ಲಿ ಬ್ರೇಕ್ ಬಿಡುತ್ತಿಲ್ಲ. ಗಾಡಿ ಮತ್ತೆ ಸ್ಟ್ಯಾಂಡ್ ಮೇಲೇರಲಿ.